ಖಾಲಿ ಮಾಡಿ ಅನ್ನಲು ಹೋದದ್ದು

ಚಿಕ್ಕಮ್ಮ ತೀರಿಕೊಂಡ ಮೇಲೆ ಅವಳು ಬಾಡಿಗೆಗೆ ಕೊಟ್ಟಿದ್ದ ಮನೆ ನನ್ನ ಹೆಸರಿಗೆ ಬಂತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅದರ ಜೊತೆಗೇ ಬಂದವರು, ಎಷ್ಟೋ ವರ್ಷಗಳಿಂದ ಅಲ್ಲಿರುವ ಟೈಲರಮ್ಮ ಮತ್ತು ಅವರ ಯಜಮಾನರು.

ನನಗೆ ಬೇಕಾಗಿದ್ದದ್ದು ಇರಲು ಒಂದು ಜಾಗ. ಓದು ಮುಗಿದು ಹಾಸ್ಟೆಲ್ ಬಿಟ್ಟಾಗಿನಿಂದ ಅಣ್ಣನ ಮನೆಯ ಸೋಫಾದ ಮೇಲೆ ಮಲಗುತ್ತಿದ್ದೆ. ಅತ್ತಿಗೆಗೆ ದಿನ ತುಂಬುತ್ತಾ ಬಂದಿತ್ತು, ಅವರ ತಾಯಿ ಬರುವವರಿದ್ದರು.

"ಮಹಾರಾಣಿಗೆ ಸ್ವಂತ ಅರಮನೆ ಇದೆ. ಮಲಗೋದು ಮಾತ್ರ ನಮ್ಮ ಸೋಫಾ ಮೇಲೆ," ಎಂದು ಅತ್ತಿಗೆ ನಗುತ್ತಲೇ ಅಂದರು. ನಗುತ್ತಾ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗೂ ಇಲ್ಲ. ಅಣ್ಣ ತಲೆ ಎತ್ತದೆ ಪೇಪರ್ ಮಗುಚಿದ.

ಟೈಲರಮ್ಮನಿಗೆ ಮನೆ ಖಾಲಿ ಮಾಡಿ ಅನ್ನಬೇಕು, ಅಷ್ಟೇ. ಬಸ್ಸಿನಲ್ಲಿ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರು ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಾಗಿಲು ತೆರೆದು, ಕುರ್ಚಿಯ ಮೇಲಿನ ಬಟ್ಟೆಯ ರಾಶಿ ಎತ್ತಿ ನನ್ನನ್ನು ಕೂರಿಸಿ, ನೀರು ತಂದುಕೊಟ್ಟರು. ಲೋಟ ಕೆಳಗಿಟ್ಟರೂ ಬಾಯಿಪಾಠ ಮಾಡಿದ ಮಾತು ಹೊರಬರಲಿಲ್ಲ. ಚಿಕ್ಕಮ್ಮ ಅಲ್ಲಿಗೆ ಹೋದಾಗಲೆಲ್ಲ ಹೊಸಿಲಲ್ಲಿ ನಿಂತು ಕೇಳುತ್ತಿದ್ದ ಮಾತೊಂದಿತ್ತು. ಮನೆಯ ಓನರ್ ಆಡುವ ಮಾತು ಅಂತ ನನಗೆ ಗೊತ್ತಿದ್ದದ್ದು ಅದೊಂದೇ.

"ಏನಾದ್ರೂ ರಿಪೇರಿ ಇದೆಯಾ?" ಅಂದುಬಿಟ್ಟೆ.

ಇತ್ತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ಲಂಬರನ್ನು ಕರೆಸಿದೆ. ಮುಂದಿನ ಸಲ ಹೋದಾಗಲೂ ಬಾಯಿಗೆ ಅದೇ ಬಂತು. ಕಿಟಕಿಯ ಚಿಲಕ ಹೊಸದಾಯಿತು. ಅದರ ಮುಂದಿನ ಸಲ ಗೋಡೆಗೆ ಬಣ್ಣ. ನಾಳೆ ನಾನಿರುವ ಕೋಣೆ ತಾನೇ ಎಂದು ತಿಳಿಹಸಿರು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಟೈಲರಮ್ಮ, ಬಿಳಿಯಾದರೆ ಸೂಜಿಗೆ ದಾರ ಪೋಣಿಸಲು ಬೆಳಕು ಸಾಕಾಗುತ್ತದೆ ಅಂದರು. ಬಿಳಿಯೇ ಆಯಿತು. ಪಕ್ಕದ ಮನೆಯವರು ಬಂದು ನೋಡಿ, ಇಂಥ ಓನರ್ ಸಿಗೋಕೆ ಪುಣ್ಯ ಮಾಡಿರಬೇಕು ಅಂದರಂತೆ. ಟೈಲರಮ್ಮ ಹೆಮ್ಮೆಯಿಂದ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಒಂದೊಂದು ರಿಪೇರಿಗೂ ಆ ಮನೆ ನನ್ನಿಂದ ಇನ್ನಷ್ಟು ದೂರ ಹೋಗುತ್ತಿತ್ತು.

ತಾನು ಬಂದು ಹೇಳಲಾ ಅಂತ ಅಣ್ಣ ಕೇಳಿದ. ಅವನ ಗಂಟಲು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಬೇಡ, ನಾನೇ ಹೇಳ್ತೀನಿ ಅಂದೆ. ಅಷ್ಟರಲ್ಲಿ ಅತ್ತಿಗೆಯ ತಾಯಿ ರೈಲು ಹತ್ತಿಯೂ ಆಗಿತ್ತು. ನನ್ನ ಬಟ್ಟೆಗಳನ್ನು ಅತ್ತಿಗೆ ಮಡಚಿ, ಬ್ಯಾಗಿನಲ್ಲಿ ಜೋಡಿಸಿ, ಬಾಗಿಲ ಪಕ್ಕಕ್ಕಿಟ್ಟಿದ್ದರು. ಅದನ್ನು ಹೆಗಲಿಗೆ ಹಾಕಿಕೊಂಡೇ ಹೊರಟೆ.

ಟೈಲರಮ್ಮ ಒಂದು ರವಿಕೆಯ ತೋಳು ಹೊಲಿಯುತ್ತಿದ್ದರು. ಬ್ಯಾಗನ್ನು ನೋಡಿ ಊರಿಗೆ ಹೊರಟಿರಾ ಅಂದರು. ಈ ಸಲ ರಿಪೇರಿಯ ಮಾತನ್ನು ನುಂಗಿಕೊಂಡೆ. ಖಾಲಿ ಮಾಡಿ ಎಂಬುದೂ ಅದರ ಜೊತೆಗೇ ಒಳಗೆ ಹೋಯಿತು.

"ಅಮ್ಮಾ, ನನಗೆ ಇರೋಕೆ ಜಾಗ ಇಲ್ಲ," ಅಂದೆ.

ಯಂತ್ರ ನಿಂತಿತು. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ, ಅಳತೆ ತೆಗೆದುಕೊಳ್ಳುವವರ ಹಾಗೆ ನೋಡಿದರು.

"ಮೊದಲೇ ಬಾಯಿ ಬಿಟ್ಟು ಹೇಳಬಾರದಾ ಮಗಳೇ? ಇಲ್ಲೇ ಮಿಷನ್ ಪಕ್ಕ ಹಾಸ್ಕೋ. ಬೆಳಿಗ್ಗೆ ಗಿರಾಕಿಗಳು ಬರೋ ಮುಂಚೆ ಹಾಸಿಗೆ ಸುತ್ತಿಡ್ಬೇಕು, ಅಷ್ಟೇ. ಇವರು ಗೊರಕೆ ಹೊಡೀತಾರೆ. ಅದೊಂದು ಸಹಿಸ್ಕೋ."

ನಾನು ಕೇಳಲು ಬಂದದ್ದು ಇದಲ್ಲ ಎಂದು ಹೇಳಲು ಅದೇ ಸಮಯವಾಗಿತ್ತು. ಅವರಾಗಲೇ ಕತ್ತರಿಸಿದ ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ನನ್ನ ಉದ್ದಕ್ಕೆ ಜಾಗ ಮಾಡುತ್ತಿದ್ದರು. ಯಜಮಾನರು ಒಳಗಿನಿಂದ ಬಂದು, ನನ್ನ ಬ್ಯಾಗ್ ಇಸಿದುಕೊಂಡು, ಗೋಡೆಯನ್ನೊಮ್ಮೆ ನೋಡಿದರು.

"ಇದನ್ನ ನೇತುಹಾಕೋಕೆ ಒಂದು ಮೊಳೆ ಹೊಡೀಬೇಕು," ಅಂದರು. "ಹೊಸ ಬಣ್ಣದ ಗೋಡೆ. ಓನರ್ ಒಪ್ತಾರೋ ಇಲ್ವೋ."

ಇಬ್ಬರೂ ನನ್ನ ಕಡೆ ತಿರುಗಿ ಕಾದರು. ನಾನು ಹೂಂ ಅಂದೆ.