ಮಗ್ಗುಲಲ್ಲಿ ನಿಂತವರು

ಯಳಂದೂರಿನ ಬಳೇಪೇಟೆಯಲ್ಲಿ ಮಹಾಲಕ್ಷ್ಮಮ್ಮ ಹೊಲಿಗೆ ಅಂಗಡಿ ಇಟ್ಟು ಬಹಳ ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಮಕ್ಕಳಿರಲಿಲ್ಲ. ರವಿಕೆ ಹೊಲಿಯುವುದರಲ್ಲಿ ಅವಳ ಕೈಗೆ ಹೆಸರಿತ್ತು. ಮಾಂಬಳ್ಳಿಯಿಂದಲೂ ಮದುವೆ ರವಿಕೆಗಳು ಬರುತ್ತಿದ್ದವು. ನಲವತ್ತು ದಾಟಿ ಹತ್ತಿರದ್ದು ಮಸುಕಾದಾಗ ಸಂತೆಯಲ್ಲಿ ಒಂದೊಂದೇ ಕನ್ನಡಕ ಹಾಕಿ ನೋಡಿ, ಚೆನ್ನಾಗಿ ಕಂಡದ್ದನ್ನು ಕೊಂಡಿದ್ದಳು. ಅದನ್ನು ಹಾಕಿಕೊಂಡರೆ ಸೂಜಿಗೆ ಒಂದೇ ಸಲಕ್ಕೆ ದಾರ ಹೋಗುತ್ತಿತ್ತು. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡುತ್ತಾರಂತೆ ಬಾ ಎಂದು ಅಂಗಡಿ ಪಕ್ಕದಲ್ಲಿ ಹೂವು ಮಾರುವ ರಾಚಮ್ಮ ಕರೆದಾಗ, “ನನ್ ಕಣ್ಗೇನಾಗದ? ನೀ ಓಗ್ಬಾ” ಎಂದು ಮಿಷನ್ ತುಳಿಯುತ್ತಲೇ ಇದ್ದಳು.

ಅದಾದ ಮೇಲಿನ ವರ್ಷಗಳಲ್ಲಿ ಜನ ಒಬ್ಬೊಬ್ಬರಾಗಿ ದೂರವಾದರು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮೊದಲು ದೂರವಾದವಳು ರಾಚಮ್ಮನೇ. ದಿನಾ ಬೆಳಿಗ್ಗೆ ದೇವರ ಪಟಕ್ಕೆಂದು ಒಂದು ತುಂಡು ಕನಕಾಂಬರ ಕೊಡುತ್ತಿದ್ದವಳು ಒಮ್ಮೆಲೇ ನಿಲ್ಲಿಸಿದಳು. ಕೇಳಿದರೆ, “ಕೈಲಿ ಇಡ್ಕಂಡು ಪಕ್ದಲ್ಲೇ ನಿಂತ್ರೂ ನೀ ತಿರುಗ್ ನೋಡಕ್ಕಿಲ್ಲ. ಬ್ಯಾಡ ಅಂದ್ರೆ ಬಾಯ್ಬುಟ್ಟು ಯೋಳ್ಬೇಕು” ಎಂದಳು.

“ಯಾವಾಗ್ ನಿಂತಿದ್ಯವ್ವ?”

“ಅದ್ನೂ ನಾನೇ ಯೋಳ್ಬೇಕಾ?”

ಮಹಾಲಕ್ಷ್ಮಮ್ಮನಿಗೆ ಅದು ನೆಪ ಅನ್ನಿಸಿತು. ನಾವು ಬೇಡವಾದ ಮೇಲೆ ಜನ ಏನಾದರೂ ಹೇಳುತ್ತಾರೆ ಎಂದುಕೊಂಡಳು. ಕೆಲವು ತಿಂಗಳಿಗೆ ರಾಚಮ್ಮ ಮಗಳ ಊರಿಗೆ ಹೋಗಿಬಿಟ್ಟಳು. ಹೋಗುವಾಗ ಹೇಳಿ ಕೂಡ ಹೋಗಲಿಲ್ಲ.

ಆಮೇಲೆ ತಂಗಿ ಬಸವಮ್ಮ. ಶಾಗ್ಯದಲ್ಲಿದ್ದ ಬಸವಮ್ಮನೇ ಅವಳಿಗೆ ಉಳಿದಿದ್ದ ಒಡಹುಟ್ಟು. ಮಗನ ಮದುವೆಗೆ ಅಕ್ಕನಿಂದಲೇ ರವಿಕೆಗಳನ್ನೆಲ್ಲ ಹೊಲಿಸಿದ್ದಳು. ಮದುವೆ ಮುಗಿದ ಮೇಲೆ ಫೋನು ಮಾಡುವುದನ್ನೇ ಬಿಟ್ಟಳು. ಇವಳೇ ಮಾಡಿದರೆ “ಕೆಲ್ಸ ಅದ, ಆಮೇಲ್ ಮಾಡ್ತೀನಿ” ಎಂದು ಇಟ್ಟುಬಿಡುತ್ತಿದ್ದಳು. ಗಂಡ ಸತ್ತವಳು ಹೊಸ ಸೊಸೆ ಬಂದ ಮನೆಗೆ ಬೇಡವಾದಳೇನೋ ಎಂದು ಮಹಾಲಕ್ಷ್ಮಮ್ಮ ನೊಂದುಕೊಂಡಳು. ಹಬ್ಬದ ದಿನವೂ ಅಂಗಡಿಯ ಬಾಗಿಲು ತೆರೆದು ಕೂರುತ್ತಿದ್ದಳು. ಯಾರಾದರೂ ಗುಂಡಿ ಹಾಕಿಸಲಾದರೂ ಬಂದಾರು ಎಂದು.

ಒಂದು ದಿನ ದಾರ, ಲೈನಿಂಗ್ ತರಲು ಕೊಳ್ಳೇಗಾಲಕ್ಕೆ ಹೋದಾಗ ರಸ್ತೆ ದಾಟುತ್ತಿದ್ದವಳಿಗೆ ಸ್ಕೂಟರ್ ಬಡಿಯಿತು. ಓಡಿಸುತ್ತಿದ್ದವನು ಪುಟ್ಟಸಿದ್ದಯ್ಯ ಎಂಬ ರೇಷ್ಮೆ ವ್ಯಾಪಾರಿ. ಅವನೇ ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದ. ಮೊಣಕೈ ತರಚಿತ್ತು, ಅಷ್ಟೆ.

“ಆರನ್ ಮಾಡ್ಕಂಡೇ ಬಂದೆ ಕಣ್ರಿ. ಆಯಮ್ಮ ಇತ್ತಗೆ ತಿರುಗಿದ್ರು, ಆದ್ರೂ ಸೀದಾ ಗಾಡಿ ಮುಂದಕ್ಕೇ ಬಂದ್ಬುಟ್ರು” ಎಂದು ಅವನು ಪಟ್ಟಿ ಕಟ್ಟುತ್ತಿದ್ದ ನರ್ಸಿಗೆ ಹೇಳುತ್ತಲೇ ಇದ್ದ. ಅದನ್ನು ಕೇಳಿದ ನರ್ಸ್ ಅವಳನ್ನು ಕಣ್ಣಿನ ಡಾಕ್ಟರ್ ದೀಪ ಅವರಲ್ಲಿಗೆ ಕಳಿಸಿದಳು.

ಗೋಡೆಯ ಮೇಲಿನ ಅಕ್ಷರಗಳನ್ನು ಮಹಾಲಕ್ಷ್ಮಮ್ಮ ಕೊನೆಯ ಸಾಲಿನವರೆಗೂ ಓದಿದಳು. ಡಾಕ್ಟರು ಕಣ್ಣಿನ ಒತ್ತಡ ನೋಡಿದರು, ಹನಿ ಹಾಕಿ ಒಳಗಿನ ನರ ನೋಡಿದರು. ಆಮೇಲೆ ಬಟ್ಟಲಿನಂಥ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅವಳು ಕಾದಳು. ನಡುವೆ ಕೆಲವು ಚುಕ್ಕಿ ಬಂದವು. ಆಮೇಲೆ ಎಷ್ಟು ಹೊತ್ತಾದರೂ ಏನೂ ಬರಲಿಲ್ಲ.

“ಮಿಷನ್ ನಿಂತೋಗದ ಅನ್ಸ್ತದ, ಡಾಕ್ಟ್ರೇ.”

“ನಿಂತಿಲ್ಲಮ್ಮ. ಚುಕ್ಕಿ ಬರ್ತಾನೇ ಇದೆ” ಎಂದರು ದೀಪ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಇದಕ್ಕೆ ಗ್ಲಾಕೋಮಾ ಅನ್ನುತ್ತಾರೆ. ನೋವಿಲ್ಲ, ಕೆಂಪಾಗುವುದಿಲ್ಲ. ಮಗ್ಗುಲ ನೋಟ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಎದುರಿನದು ಕೊನೆಯವರೆಗೂ ಕಾಣುತ್ತಿರುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ದಿನಾ ಹನಿ ಹಾಕಿ ಕಾಪಾಡಿಕೊಳ್ಳಬೇಕು.

“ಮುಂಚೇನೇ ಬಂದಿದ್ರೆ?”

“ಕಣ್ಣು ಚೆನ್ನಾಗಿರೋವಾಗ್ಲೇ ವರ್ಷಕ್ಕೊಂದು ಸಲ ತೋರಿಸಿದ್ರೆ ಇಷ್ಟು ಹೋಗ್ತಿರಲಿಲ್ಲಮ್ಮ. ಇದು ಒಡಹುಟ್ಟಿದವರಿಗೂ ಬರಬಹುದು. ಯಾರಿದ್ದಾರೆ?”

“ಒಬ್ಳು ತಂಗಿ ಅವಳೆ” ಎಂದಳು ಮಹಾಲಕ್ಷ್ಮಮ್ಮ.

ಯಳಂದೂರಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ರಾಚಮ್ಮ ನೆನಪಾದಳು. ಹೇಳದೆ ಹೋದಳೆಂದು ಇಷ್ಟು ದಿನ ದೂರಿದ್ದಳು. ಹೇಳಲು ಬಂದು, ಪಕ್ಕದಲ್ಲಿ ನಿಂತು, ಇವಳು ತಲೆ ಎತ್ತದೇ ಇದ್ದದ್ದನ್ನು ನೋಡಿ ಹಾಗೇ ಹೋದಳೇನೋ. ಇನ್ನು ಎಷ್ಟು ಜನ ಹಾಗೆ ಬಂದು ನಿಂತು ಹೋದರೋ. ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು.

ಮರುದಿನ ಹನೂರಿನ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಶಾಗ್ಯಕ್ಕೆ ಹೋದಳು. ಬಸವಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಏಳಲೂ ಇಲ್ಲ.

“ಬಸವಿ, ನೀ ಕಣ್ ತೋರಿಸ್ಕಬೇಕು.”

“ಅದ್ಕೇ ಬಂದ್ಯಾ? ಮದ್ವೆ ದಿಸ ನನ್ ಸೊಸೆ ಮಧುಶ್ರೀ ನಿನ್ ಕಾಲ್ಗೆ ಬಗ್ಗುದ್ಲು. ಅಷ್ಟು ಜನದ ಮುಂದೆ ಆ ಉಡ್ಗೀನ ದಾಟ್ಕಂಡೇ ಓಗ್ಬುಟ್ಟೆ. ಬೀಗ್ರೆಲ್ಲ ನೋಡುದ್ರು. ನನ್ ಅಕ್ಕಂಗೆ ಒಟ್ಟೆಕಿಚ್ಚು ಅಂತ ನಾನೇ ಕೇಳಿಸ್ಕಬೇಕಾಯ್ತು.”

“ನಂಗೆ ಕಾಣ್ನಿಲ್ಲ ಕಣವ್ವ.”

“ಸೂಜಿ ಕಾಣ್ತದ, ಮನುಸ್ರು ಕಾಣಕ್ಕಿಲ್ವಾ?”

ಮಹಾಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಎದುರಿನ ಕಂಬವನ್ನೇ ನೋಡತೊಡಗಿದಳು. “ನನ್ ಪಕ್ಕ ನಿಂತ್ಕಂಡು ಕೈ ಆಡ್ಸು. ಕಂಡಾಗ ಯೋಳ್ತೀನಿ.”

ಬಸವಮ್ಮ ಮನಸ್ಸಿಲ್ಲದೆ ಎದ್ದು ಪಕ್ಕಕ್ಕೆ ಬಂದಳು. ಕೆನ್ನೆಯ ಹತ್ತಿರ ಕೈ ಆಡಿಸಿದಳು. ಅಕ್ಕ ಸುಮ್ಮನೆ ಕೂತಿದ್ದಳು. ಕೈಯನ್ನು ಇನ್ನಷ್ಟು ಮುಂದೆ ತಂದಳು. ಆಗಲೂ ಅಕ್ಕ ಮಾತಾಡಲಿಲ್ಲ. ಬೆರಳುಗಳು ಮೂಗಿನ ನೇರಕ್ಕೆ ಬರುವಷ್ಟರಲ್ಲಿ, “ಆ, ಈಗ” ಎಂದಳು.

ಬಸವಮ್ಮ ಅಕ್ಕನ ಎದುರಿಗೆ ಬಂದು ಕೂತಳು. “ಅಯ್ಯೋ ಅಕ್ಕಾ, ಎರಡ್ ವರ್ಸ ಮಾತ್ ಬುಟ್ನಲ್ಲ ನಾನು.”

“ನಂಗೇ ಗೊತ್ತಿರ್ನಿಲ್ಲ. ನಿಂಗೆಂಗೆ ಗೊತ್ತಾದದು? ನಡಿ, ಓಗವ.”

ಬಸವಮ್ಮನ ಗಂಡ ಚಿಕ್ಕಮಾದಪ್ಪ ಇಬ್ಬರನ್ನೂ ಕಾರು ಮಾಡಿ ಕೊಳ್ಳೇಗಾಲಕ್ಕೆ ಕರೆತಂದ. ಬಸವಮ್ಮನ ಕಣ್ಣಿನಲ್ಲೂ ಒತ್ತಡ ಏರಿತ್ತು. ಆದರೆ ನೋಟ ಇನ್ನೂ ಹೆಚ್ಚೇನೂ ಹೋಗಿರಲಿಲ್ಲ. ಹನಿ ತಪ್ಪಿಸದೆ, ಹೇಳಿದಾಗ ಬಂದು ತೋರಿಸಿಕೊಂಡರೆ ಹಾಗೇ ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಮಗನನ್ನೂ ಕರೆತಂದು ತೋರಿಸಲು ಹೇಳಿದರು.

ಹೊರಗೆ ಬಂದ ಮೇಲೆ ಬಸವಮ್ಮ ಅಕ್ಕನ ಕೈ ಬಿಡಲೇ ಇಲ್ಲ. “ನಮ್ಮನೆಗೇ ಬಂದ್ಬುಡು. ಒಬ್ಳೇ ಎಂಗಿದ್ದೀಯೆ?”

“ಎದುರ್ಗಿರೋದು ಕಾಣೋವರ್ಗೂ ಬಟ್ಟೆ ವಲೀತೀನಿ ಕಣವ್ವ. ಆಮೇಲ್ ನೋಡವ.”

ಚಿಕ್ಕಮಾದಪ್ಪ ಅವಳನ್ನು ಯಳಂದೂರಿನ ಬಸ್ಸಿಗೆ ಹತ್ತಿಸಿದ. ಬಸ್ಸು ಹೊರಟಾಗ ತಂಗಿ ಎಲ್ಲೋ ನಿಂತು ಕೂಗುತ್ತಿದ್ದದ್ದು ಕೇಳಿಸಿತು. ಮಹಾಲಕ್ಷ್ಮಮ್ಮ ತಲೆಯನ್ನು ಅತ್ತ ಇತ್ತ ತಿರುಗಿಸಿ ಹುಡುಕಿದಳು. ತಂಗಿ ಕಣ್ಣಿಗೆ ಸಿಗುವ ಮೊದಲೇ ಬಸ್ಸು ನಿಲ್ದಾಣ ದಾಟಿತ್ತು. ಆದರೂ ಕಿಟಕಿಯಿಂದ ಕೈ ಹೊರಗೆ ಚಾಚಿ, ಧ್ವನಿ ಬಂದ ಕಡೆಗೆ ಬೀಸಿದಳು.