ರಾಮದುರ್ಗದ ಓದುಗರೊಬ್ಬರು

‘ವೈದ್ಯರನ್ನು ಕಾಣಿರಿ’ ಎಂಬ ಸಾಲು ಎಲ್ಲಕ್ಕಿಂತ ಕೆಳಗೆ ಬರಬೇಕು. ನಾನು ಕೆಲಸಕ್ಕೆ ಸೇರಿದ ದಿನ ಶ್ರೀಶೈಲಣ್ಣ ಹೇಳಿಕೊಟ್ಟ ಮೊದಲ ಮಾತು ಇದು.

“ಮ್ಯಾಲ ಹಾಕಿದಿ ಅಂದ್ರ ಮಂದಿ ಅಲ್ಲೇ ಬಂದ್ ಮಾಡಿ ದವಾಖಾನಿಗೆ ಹೋಗತಾರ. ನಮ್ಮ ಜಾಹೀರಾತು ಯಾರ ನೋಡಬೇಕು, ನಿಮ್ಮಪ್ಪ ನೋಡತಾನೇನು?” ಎಂದು ನಕ್ಕಿದ್ದ.

ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಮನೆಮದ್ದಿನ ವೆಬ್‌ಸೈಟ್ ನಡೆಸುತ್ತಾನೆ. ಯಾವ ರೋಗವನ್ನು ಜನ ಹೆಚ್ಚು ಹುಡುಕುತ್ತಾರೆ, ಯಾವ ರೋಗದ ಜಾಹೀರಾತಿಗೆ ಹೆಚ್ಚು ಹಣ ಬರುತ್ತದೆ ಎಂದು ನೋಡಿ ವಿಷಯ ಕೊಡುವುದು ಅವನ ಕೆಲಸ, ಬರೆಯುವುದು ನನ್ನದು. ಅವ್ವ ತೀರಿಕೊಂಡಾಗ ಅಪ್ಪನಿಗೆ ಅಡಿಗೆ ಮಾಡಲು ಒಂಬತ್ತನೇ ತರಗತಿಗೆ ಸಾಲಿ ಬಿಟ್ಟವಳು ನಾನು. ಕಾಗುಣಿತ ಮಾತ್ರ ತಪ್ಪುತ್ತಿರಲಿಲ್ಲ. ದಿನಾ ಸಂಪಗಾಂವದಿಂದ ಬಸ್ಸಿಗೆ ಬಂದು, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ, ಕಂಪ್ಯೂಟರಿನ ಮುಂದೆ ಕೂಡುತ್ತಿದ್ದೆ. ನಾಲ್ಕು ಮಂದಿಯ ಎದುರು ನನಗೆ ಬಾಯಿ ಬರುವುದಿಲ್ಲ. ಬರೆಯುವಾಗ ಯಾರೂ ನನ್ನನ್ನು ನೋಡುವುದಿಲ್ಲವಲ್ಲ, ಅಲ್ಲಿ ಅವ್ವ ಮಾತಾಡಿದ ಹಾಗೆಯೇ ಬರೆಯುತ್ತಿದ್ದೆ. ಜೀರಿಗೆ ಹುರಿಯಿರಿ, ಕರಕಲು ಮಾಡಬೇಡಿರಿ, ಎದುರಿಗೇ ನಿಂತಿರಿ.

ಲೇಖನಗಳಿಗೆ ನನ್ನ ಹೆಸರಿರಲಿಲ್ಲ. ಗೊತ್ತಿದ್ದವಳು ನನ್ನ ಒಡಹುಟ್ಟಿದ ಮೀನಕ್ಕ ಒಬ್ಬಳೇ. ಅವಳನ್ನು ರಾಮದುರ್ಗಕ್ಕೆ ಕೊಟ್ಟು ಒಂಬತ್ತು ವರ್ಷ. ಒಮ್ಮೆ ಮೆಸೇಜು ಹಾಕಿದ್ದಳು: “ಅನ್ನು, ಇದು ನಿಂದ ಅಲಾ? ಓದಿದ್ರ ಅವ್ವ ಬೈದಂಗ ಆಗತೈತಿ.”

ಪ್ರತಿ ಸೋಮವಾರ ಅಕ್ಕ ಫೋನು ಮಾಡುತ್ತಿದ್ದಳು. ಆ ಮನೆಯಲ್ಲಿ ಸೊಸೆ ತವರಿಗೆ ಮಾತಾಡುವಾಗ ಸ್ಪೀಕರ್ ಹಾಕಿಯೇ ಮಾತಾಡಬೇಕು. ಜಗಳವೇನೂ ಇಲ್ಲ, ರೂಢಿ. ಅವಳ ಅತ್ತೆ ಚನ್ನವ್ವ ಕಾಳು ಆರಿಸುತ್ತ ನಡುನಡುವೆ ತಾನೂ ಮಾತು ಸೇರಿಸುತ್ತಿದ್ದಳು. ಕಳೆದ ಚಳಿಗಾಲದ ಒಂದು ಸೋಮವಾರ ಅಕ್ಕ ಕೇಳಿದಳು:

“ಅನ್ನು, ಮಗ್ಗಲ ಮನಿಯವರ ಎಮ್ಮಿ ಕೆಚ್ಚಲದಾಗ ಗಂಟ ಆಗೈತಿ. ನಮ್ಮವ್ವ ಏನ ಹಚ್ಚತಿದ್ಲು ನೆನಪೈತೇನು?”

“ಲೋಳಸರ, ಹರಿಶಿಣ, ಚೂರು ಸುಣ್ಣ. ಅರದು ದಿನಾ ಹಚ್ಚಬೇಕು.”

“ಎಷ್ಟ ದಿನ?”

“ಕರಗೂತನಕ.”

“ನಿಮ್ಮಕ್ಕ ಎಲ್ಲಾರ ಮನಿ ಎಮ್ಮಿ ಕಾಳಜಿ ಮಾಡತಾಳ ನೋಡವಾ,” ಎಂದಳು ಚನ್ನವ್ವ. ಅಕ್ಕ ನಕ್ಕಳು. ನಾನೂ ನಕ್ಕೆ.

ಅದಾದ ವಾರವೇ ಶ್ರೀಶೈಲಣ್ಣ ಹೊಸ ವಿಷಯ ಕೊಟ್ಟ. ಹೆಂಗಸರ ಎದೆಯ ಗಂಟು, ಏಳು ಮನೆಮದ್ದು. “ಕೆಮ್ಮು ನೆಗಡಿ ಬರದು ಏನೂ ಸಿಗೂದಿಲ್ಲ ತಂಗಿ. ಇದಕ್ಕ ಬರೂ ಜಾಹೀರಾತಿನ ರೇಟ ಬ್ಯಾರೇ,” ಎಂದ.

ನನಗೆ ಆ ವಿಷಯದಲ್ಲಿ ಒಂದು ಮದ್ದೂ ಗೊತ್ತಿರಲಿಲ್ಲ. ಅಲ್ಲಿ ಇಲ್ಲಿ ನೋಡಿ ಆರು ಜೋಡಿಸಿದೆ. ಏಳನೆಯದು ಹೊಳೆಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಆಗ ಅಕ್ಕನ ಫೋನು ನೆನಪಾಯಿತು. ಎಮ್ಮೆಯ ಹೆಸರು ತೆಗೆದು, ಲೋಳಸರ, ಹರಿಶಿಣ, ಸುಣ್ಣವನ್ನು ಅವ್ವನ ಮಾತಿನಲ್ಲೇ ಬರೆದೆ. ಹೆದರಬೇಡಿರಿ, ದಿನಾ ಹಚ್ಚಿರಿ, ಕರಗುವ ತನಕ ಬಿಡಬೇಡಿರಿ. ಶ್ರೀಶೈಲಣ್ಣನಿಗೆ ಅದು ಬಹಳ ಹಿಡಿಸಿ ಎಲ್ಲಕ್ಕಿಂತ ಮೇಲೆ ಹಾಕಿದ. ನಡುವೆ ಐದು ಜಾಹೀರಾತು. ವೈದ್ಯರ ಸಾಲು ತುದಿಯಲ್ಲಿ.

ಆ ಪುಟ ಬಹಳ ಓಡಿತು. ಯಾವ ಊರಿನವರು ಎಷ್ಟು ಹೊತ್ತು ಓದಿದರು ಎಂಬುದು ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ. ಎಲ್ಲರೂ ಒಂದೆರಡು ನಿಮಿಷಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ರಾಮದುರ್ಗದಿಂದ ಒಬ್ಬರು ಬಂದು ಇಪ್ಪತ್ತು ನಿಮಿಷ ಇರುತ್ತಿದ್ದರು. ದಿನಾ. ನನಗೆ ಹಿಗ್ಗು, ಅಕ್ಕನ ಊರಿನಲ್ಲೂ ನನ್ನನ್ನು ಓದುವವರಿದ್ದಾರೆ ಎಂದು. ಶ್ರೀಶೈಲಣ್ಣನಿಗೂ ತೋರಿಸಿದೆ.

“ಯಾರೋ ಪುಣ್ಯಾತಗಿತ್ತಿ,” ಎಂದ. “ಇಂಥಾವರು ನೂರ ಮಂದಿ ಸಿಕ್ಕರ ನಾ ಮನಿ ಕಟ್ಟತೇನಿ.”

ಇದನ್ನು ಅಕ್ಕನಿಗೆ ಹೇಳಬೇಕೆಂದುಕೊಂಡೆ. ಸ್ಪೀಕರಿನಲ್ಲಿ ಎದೆಯ ಗಂಟಿನ ಮಾತು ಹೇಗೆ ಆಡುವುದು? ಮೆಸೇಜು ಹಾಕಿದರೂ ಆ ಮನೆಯಲ್ಲಿ ಯಾರ ಕಣ್ಣಿಗೆ ಬೀಳುತ್ತದೋ? ನಾಚಿಕೆಯಾಗಿ ಬಿಟ್ಟೆ.

ಏಳು ತಿಂಗಳಾದ ಮೇಲೆ ಅಕ್ಕನ ಗಂಡ ಸುಭಾಸ ಮಾವನ ಫೋನು ಬಂತು. ಅಕ್ಕನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಸೇರಿಸಿದ್ದರು. ನಾನೂ ಅಪ್ಪನೂ ಹೋದಾಗ ನರ್ಸು ಅವಳ ಬಟ್ಟೆ ಬದಲಿಸುತ್ತಿದ್ದಳು. ಎಡಗಡೆ ಎದೆಯ ಚರ್ಮ ಸುಣ್ಣ ತಿಂದು ಕಪ್ಪಾಗಿತ್ತು. ಅದಕ್ಕೆ ಅಂಟಿದ ಹಳದಿ ಇನ್ನೂ ಹೋಗಿರಲಿಲ್ಲ. ನನಗೆ ಎಲ್ಲ ತಿಳಿಯಿತು, ಒಂದೇ ಸಲಕ್ಕೆ.

ಕ್ಯಾನ್ಸರ್ ಕಂಕುಳಿಗೆ ಇಳಿದು ಲಿವರಿನವರೆಗೂ ಹೋಗಿದೆ ಎಂದರು ಡಾಕ್ಟರು. “ಮೊದಲೇ ಬಂದಿದ್ದರೆ ಗಂಟು ತೆಗೆದು ಗುಣ ಮಾಡಬಹುದಿತ್ತೋ ಏನೋ. ಇಷ್ಟು ದಿನ ಯಾರಿಗೂ ಹೇಳಲಿಲ್ಲವೇ?” ಎಂದು ಕೇಳಿದರು.

ಎಲ್ಲರೂ ಹೊರಗೆ ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದಳು.

“ಅಪ್ಪನ ಮುಂದ ಬಾಯಿ ಬಿಡಬ್ಯಾಡ. ನಿನಗಷ್ಟ ಗೊತ್ತಿತ್ತಲಾ, ಅದ ನನಗ ಧೈರ್ಯ ಇತ್ತು.”

“ಏನ ಗೊತ್ತಿತ್ತ, ಅಕ್ಕಾ?”

“ಎಮ್ಮಿ ಹೆಸರ ಹೇಳಿ ಕೇಳಿದ್ನೆಲಾ. ಮುಂದಿನ ವಾರಾನ ಅದನ್ನ ಹೆಂಗಸೂರಿಗೆ ಅಂತ ಬರದಿ. ನನ್ನ ತಂಗಿ ಎಷ್ಟ ಶಾಣ್ಯಾಕಿ, ತಿಳಕೊಂಡು ನನಗಂತನ ಬರದಾಳ ಅನ್ಕೊಂಡೆ. ಅತ್ತಿ ಮಲಗಿದಾಗ ದಿನಾ ಓದತಿದ್ದೆ.” ಸ್ವಲ್ಪ ದಮ್ಮು ತೆಗೆದುಕೊಂಡಳು. “ಕಡೀಕ ಡಾಕ್ಟರ್ ಅಂತ ಬರದಿದ್ದಿ, ಅದೂ ನೋಡಿದ್ದೆ. ಆದ್ರ ಅದು ನಿನ್ನ ಮಾತಿನಂಗ ಇರಲಿಲ್ಲ.”

ಮರುದಿನ ಬೈಲಹೊಂಗಲಕ್ಕೆ ಹೋದೆ.

“ಅಣ್ಣಾ, ಆ ಪುಟ ತಗೀರಿ.”

“ಯಾವುದು? ಗಂಟಿಂದೇನು?” ಶ್ರೀಶೈಲಣ್ಣ ಕುರ್ಚಿ ತಿರುಗಿಸಿದ. “ಹುಚ್ಚೀ, ಅರ್ಧ ರೊಕ್ಕಾ ಅದೊಂದರ ಮ್ಯಾಲ ಬರತೈತಿ. ಮತ್ತ ನಾವೇನ ಸುಳ್ಳ ಬರದೇವು? ಡಾಕ್ಟರ ಕಡೆ ಹೋಗ್ರಿ ಅಂತ ಕೆಳಗ ಐತೆಲಾ.”

“ರಾಮದುರ್ಗದಾಕಿ ನಮ್ಮಕ್ಕ ರೀ.”

ಅವನು ಎದ್ದು ಕೀಬೋರ್ಡನ್ನು ನನ್ನ ಕಡೆ ಸರಿಸಿ, ಮೆಟ್ಟಿಲು ಇಳಿದು ಹೋದ. ನಾನೇ ತೆಗೆದೆ. ಮತ್ತೆ ಆ ಕೋಣೆಗೆ ಹೋಗಲಿಲ್ಲ.

ಹುಬ್ಬಳ್ಳಿಗೆ ಬಂದಾಗ ಅಕ್ಕ ಕಿಟಕಿಯ ಕಡೆ ಹೊರಳಿ ಮಲಗಿ ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಕೂದಲು ಇನ್ನೂ ಇತ್ತು. ಸೂಜಿ ಚುಚ್ಚಿದ ಕೈ ಬಾತಿತ್ತು.

“ಅನ್ನು, ನೀ ಬರದಿದ್ದು ಬರವಲ್ದು ನೋಡು. ಇಲ್ಲಿ ನೆಟ್‌ವರ್ಕ್ ಇಲ್ಲೇನು?”

“ಇನ್ನೂ ಯಾಕ ಓದತಿ, ಅಕ್ಕಾ?”

“ಮದ್ದಿಗಲ್ಲ. ಓದಿದ್ರ ನೀ ಮಗ್ಗಲಕ್ಕ ಕುಂತಂಗ ಆಗತೈತಿ.”

“ನಾ ಅದನ್ನ ತಗದೇನಿ.”

ಅಕ್ಕ ಈ ಕಡೆ ಹೊರಳಿದಳು. “ತಗದಿ? ನನಗಂತ ಬರದಿದ್ದಲಾ ಅದು.”

ಹೌದು ಎಂದುಬಿಡಬಹುದಿತ್ತು. ತಿಳಿದೇ ಬರೆದೆ ಎಂದರೆ, ಗೊತ್ತಿದ್ದೂ ದವಾಖಾನೆಗೆ ಕಳಿಸದೆ ಸುಣ್ಣ ಹಚ್ಚಲು ಹೇಳಿದವಳಾಗುತ್ತಿದ್ದೆ. ಅದನ್ನೂ ಅವಳು ಕ್ಷಮಿಸುತ್ತಿದ್ದಳು. ಆಗಲೇ ಕ್ಷಮಿಸಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ.

“ನನಗ ಏನೂ ತಿಳಿದಿರಲಿಲ್ಲ, ಅಕ್ಕಾ. ನೀ ಎಮ್ಮಿ ಅಂದಿ, ನಾ ಎಮ್ಮಿ ಅನ್ಕೊಂಡೆ. ಏಳು ಬೇಕಾಗಿದ್ದುವು, ಒಂದ ಕಮ್ಮಿ ಬಿದ್ದಿತ್ತು. ಅದಕ್ಕ ಬರದೆ.”

ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

“ಹಂಗಾರ ಅಷ್ಟೂ ದಿನ ನಾ ಒಬ್ಬಾಕೀನ ಇದ್ನೇನು?” ಎಂದಳು.

ನಾನು ಹೂಂ ಎಂದೆ.