ಹರ್ಷದನು ಆಟ ಕೊಳ್ಳುವುದನ್ನು ಬಿಟ್ಟದ್ದು

ಮಿರಜಿನಲ್ಲಿ ಆಸ್ಪತ್ರೆಗಳಿಗೆ ಕೈಗವಸು, ಬ್ಯಾಂಡೇಜು, ಗಾಲಿಕುರ್ಚಿ ಮಾರುವ ಹರ್ಷದನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆ ಅಡಿಕೆಯ ಚಟವೂ ಇಲ್ಲ. ಹೀಗಾಗಿ ಅವನಿಗೆ ಹೆಣ್ಣು ಕೊಡುವಾಗ ತ್ರಿಶಲಾಳ ತವರಿನವರು ಬಹಳ ವಿಚಾರಿಸಲು ಹೋಗಲಿಲ್ಲ. ಬೋರ್ಡ್ ಗೇಮಿನ ಬಗ್ಗೆ ಒಂದು ಮಾತು ಕೇಳಿಬಿಡಬೇಕೆಂದು ಅವರಿಗಾದರೂ ಹೇಗೆ ಹೊಳೆಯಬೇಕು?

ಬೋರ್ಡ್ ಗೇಮ್ ಅಂದರೆ ಲೂಡೋ, ಹಾವು-ಏಣಿ ಎಂದು ಯಾರಾದರೂ ಅಂದುಬಿಟ್ಟರೆ ಹರ್ಷದನ ಮುಖ ಹುಳ್ಳಗಾಗುತ್ತಿತ್ತು. ಅವನವು ದೂರದೇಶದಿಂದ ಬಂದ ಆಟಗಳು. ಕಟ್ಟಡದ ಕಲ್ಲಿನಷ್ಟು ತೂಕದ ಡಬ್ಬಿ. ಒಳಗೆ ಮರದ ಕುರಿ, ಮರದ ದೋಣಿ, ರಟ್ಟಿನ ರಾಜ್ಯಗಳು, ಪಂಚಾಂಗದಷ್ಟು ದಪ್ಪನೆಯ ನಿಯಮಗಳ ಪುಸ್ತಕ. ಮೊದಮೊದಲು ಅವು ಟಿವಿಯ ಕೆಳಗಿದ್ದವು. ಆಮೇಲೆ ಮಗಳು ಪ್ರಣಿತಾ ಪುಣೆಯ ಹಾಸ್ಟೆಲ್ಲಿಗೆ ಹೋದದ್ದೇ ತಡ, ಅವಳ ಕೋಣೆಗೆ ನುಗ್ಗಿದವು. ಕೊನೆಗೆ ತ್ರಿಶಲಾಳ ಕಪಾಟಿನಲ್ಲಿದ್ದ ಸೀರೆಗಳನ್ನು ಟ್ರಂಕಿಗೆ ಅಟ್ಟಿ ಅಲ್ಲಿಯೂ ಸಂಸಾರ ಹೂಡಿದವು.

ಆಡುವವರು ಯಾರು ಎಂದರೆ ಹೇಳುವುದು ಕಷ್ಟ. ಮೊದಲಿಗೆ ನೆಂಟರು, ಗೆಳೆಯರು ಬರುತ್ತಿದ್ದರು. ಬಂದವರು ಸೋಪು ಹಚ್ಚಿ ಕೈ ತೊಳೆದು, ಅವನದೇ ಅಂಗಡಿಯ ಕೈಗವಸು ತೊಟ್ಟು, ಅವನು ನಿಯಮ ವಿವರಿಸುವುದನ್ನು ಕೇಳಬೇಕು. ವಿವರಣೆ ಮುಗಿಯುವ ಹೊತ್ತಿಗೆ ಅವಲಕ್ಕಿಯೂ ಮುಗಿದು, ಹಿಂದಿನ ಸಾಲಿನವರು ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದರು. "ಆಟಕ್ಕಂತ ಕರದು ಆಪರೇಶನ್ನಿಗೆ ನಿಲ್ಲಿಸ್ತಾನ" ಎಂದು ತ್ರಿಶಲಾಳ ಅಣ್ಣ ಹೇಳಿದ ಮೇಲೆ ಆ ಕಡೆಯವರು ಬರುವುದೂ ನಿಂತಿತು. ಹರ್ಷದನಿಗೆ ಅದರಿಂದ ದುಃಖವೇನೂ ಆಗಲಿಲ್ಲ. ಅವನು ಬೇರೆಯವರು ಆಡುವ ವಿಡಿಯೋಗಳನ್ನು ಫೋನಿನಲ್ಲಿ ನೋಡುತ್ತ, ಹೊಸ ಡಬ್ಬಿಗಳನ್ನು ತರಿಸುತ್ತ ಸುಖವಾಗಿದ್ದ. ಪ್ಲಾಸ್ಟಿಕ್ ಬಿಚ್ಚಿದರೆ ಮೂಲೆ ಸವೆಯುತ್ತದೆಂದು ಬಿಚ್ಚುವುದನ್ನೂ ಬಿಟ್ಟಿದ್ದ.

ಒಂದು ದಿನ ಕಪಾಟು ತೆರೆದಾಗ ಮೇಲಿನ ಡಬ್ಬಿಯೊಂದು ಜಾರಿ ತ್ರಿಶಲಾಳ ಕಾಲ ಮೇಲೆ ಬಿತ್ತು. ಹರ್ಷದ ಓಡಿಬಂದು ಡಬ್ಬಿಯನ್ನು ಎತ್ತಿಕೊಂಡು ಮೂಲೆ ಜಜ್ಜಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದ.

"ಕಾಲು ನಂದೈತ್ರಿ," ಎಂದಳು ತ್ರಿಶಲಾ. "ಇರ್ಲಿ. ಈ ಆಟ ಯಾವಾಗ ಆಡೀರಿ?"

"ಅದಕ್ಕ ಐದ ಮಂದಿ ಬೇಕ."

"ಅದು? ಆ ನೀಲಿದು?"

"ಅದಕ್ಕ ಇಡೀ ದಿನ ಬೇಕ."

"ಮತ್ತ ಇದು?"

"ಇದು ಇಬ್ರೇ ಆಡೂದು."

"ನಾವೂ ಇಬ್ರೇ ಇದ್ದೇವಲ್ರಿ ಮನ್ಯಾಗ?"

ಹರ್ಷದ ಡಬ್ಬಿಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. "ನಿನಗ ತಿಳ್ಯೂದಿಲ್ಲ ಬಿಡು."

ತ್ರಿಶಲಾ ಕುಂಟುತ್ತ ಅಡಿಗೆಮನೆಗೆ ಹೋದಳು. ಮದುವೆಗೆ ಮುಂಚೆ ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು ಎಂಬುದು ಆ ಹೊತ್ತಿಗೆ ಹರ್ಷದನ ನೆನಪಿನಲ್ಲಿರಲಿಲ್ಲ.

ಆ ವರ್ಷ ಜೈನರ ದಶಲಕ್ಷಣ ಪರ್ವದಲ್ಲಿ ಬಸದಿಗೆ ಮುನಿಮಹಾರಾಜರೊಬ್ಬರು ಬಂದಿದ್ದರು. ಆಕಿಂಚನ್ಯ ಧರ್ಮದ ದಿನ, ಯಾವುದೂ ನನ್ನದಲ್ಲ ಎಂಬ ಭಾವದ ಮೇಲೆ ಅವರ ಪ್ರವಚನ ನಡೆಯಿತು. ಪ್ರವಚನ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ನಿಯಮ ತೆಗೆದುಕೊಂಡರು. ಒಬ್ಬರು ನಾಲ್ಕು ತಿಂಗಳು ತುಪ್ಪ ಬಿಟ್ಟರು, ಇನ್ನೊಬ್ಬರು ವರ್ಷದ ಮಟ್ಟಿಗೆ ಹೊಸ ಚಪ್ಪಲಿ ಬಿಟ್ಟರು. ಹೆಂಗಸರ ಸಾಲಿನಲ್ಲಿ ಕೂತಿದ್ದ ತ್ರಿಶಲಾ ತಿರುಗಿ ಗಂಡನನ್ನೇ ನೋಡುತ್ತಿದ್ದಳು. ಹರ್ಷದ ಎದ್ದು ನಿಂತ.

"ನಮೋಸ್ತು ಮಹಾರಾಜ. ಇನ್ನ ಮ್ಯಾಲ ಬೋರ್ಡ್ ಗೇಮ್ ಖರೀದಿ ಮಾಡೂದಿಲ್ಲ ಅಂತ ನಿಯಮ ಕೊಡ್ರಿ."

"ಹಂಗಂದ್ರ ಏನಪಾ?"

ಹರ್ಷದ ಸುತ್ತಮುತ್ತ ನೋಡಿದ. ಬೇರೆ ದಾರಿಯಿರಲಿಲ್ಲ. "ಲೂಡೋ ಇದ್ದಂಗ್ರಿ, ಮಹಾರಾಜ."

ಹೆಂಗಸರ ಸಾಲು ಕಿಸಕ್ಕೆಂದಿತು.

"ಎಲ್ಲೀತನಕ ಬಿಡ್ತಿ?"

ಆ ನಗೆ ಕಿವಿಗೆ ಬೀಳದಿದ್ದರೆ ಅವನು ಒಂದು ವರ್ಷ ಅನ್ನುತ್ತಿದ್ದನೇನೋ. "ಜೀವ ಇರೂತನಕ!" ಎಂದುಬಿಟ್ಟ.

"ಮನ್ಯಾಗ ಇದ್ದದ್ದು?"

"ಇದ್ದದ್ದು ಇರ್ತಾವ್ರಿ."

ಮಹಾರಾಜರು ಸಣ್ಣಗೆ ನಕ್ಕು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು.

ಮುಂದೆ ಕೆಲ ವಾರ ಹರ್ಷದನನ್ನು ಹಿಡಿಯುವವರಿರಲಿಲ್ಲ. ವಾಕರ್ ಕೊಳ್ಳಲು ಬಂದ ಮೊಣಕಾಲು ನೋವಿನವರಿಗೂ ಅವನು ತ್ಯಾಗದ ಮಹಿಮೆ ಹೇಳಿದ. ಪಾಪ, ಅವರು ಓಡಿಹೋಗುವ ಸ್ಥಿತಿಯಲ್ಲಿರಲಿಲ್ಲ. ಬಸದಿಯಲ್ಲಿ ತುಪ್ಪ ಬಿಟ್ಟ ಹಿರಿಯರ ಪಕ್ಕದಲ್ಲೇ ಹೋಗಿ ಕೂರತೊಡಗಿದ.

ಸಾಂಗಲಿಯಲ್ಲಿ ಔಷಧದ ಅಂಗಡಿಯಿಟ್ಟಿದ್ದ ಗೆಳೆಯ ಸ್ವಪ್ನಿಲನಿಗೂ ಇದೇ ಹುಚ್ಚಿತ್ತು. ಒಂದು ಮಧ್ಯಾಹ್ನ ಅವನು ಫೋನು ಹಿಡಿದು ಹರ್ಷದನ ಮುಂದೆ ಚಾಚಿದ. ಪರದೆಯ ಮೇಲೆ ಹೊಸ ಆಟ: ಯಾವುದೋ ನದಿಯಲ್ಲಿ ದೋಣಿಯ ಮೇಲೆ ಉಪ್ಪು ಸಾಗಿಸುವುದು. ಬಿಳಿ ಬಿಳಿ ಉಪ್ಪಿನ ತುಂಡುಗಳು, ಬಣ್ಣದ ದೋಣಿಗಳು, ತುಂಡುಗಳನ್ನಿಡಲು ಮಖಮಲ್ಲಿನ ಚೀಲ.

"ನನಗ ನಿಯಮ ಐತಿ," ಎಂದ ಹರ್ಷದ, ಮುಖ ತಿರುಗಿಸಿ.

"ಬಘ್ ತರಿ, ಬರೇ ನೋಡು! ನೋಡಾಕ ಏನ್ ಹೋಗ್ತೈತಿ?"

ನೋಡುವುದು ಖರೀದಿಯಲ್ಲ. ಈ ಮಾತಿನಲ್ಲಿ ಹರ್ಷದನಿಗೆ ದೋಷ ಕಾಣಲಿಲ್ಲ. ಅವತ್ತು ನೋಡಿದ, ಮರುದಿನ ಅಂಗಡಿಯಲ್ಲಿ ನೋಡಿದ, ಬಚ್ಚಲಿನಲ್ಲಿ ನೋಡಿದ. ನೋಡುತ್ತ ನೋಡುತ್ತ ಅವನ ಧರ್ಮಜ್ಞಾನ ಬೆಳೆಯಿತು. ಆಟದ ಇಸ್ಪೀಟಿನಂಥ ಎಲೆಗಳಿಗೆ ಹಾಕುವ ಪ್ಲಾಸ್ಟಿಕ್ ಕವರು ಆಟವಲ್ಲವಲ್ಲ, ತರಿಸಿದ. ಇದ್ದ ಆಟಕ್ಕೆ ಜೋಡಿಸುವ ಹೆಚ್ಚುವರಿ ಭಾಗ ಹೊಸ ಆಟವಲ್ಲ, ಮನೆಯಲ್ಲಿದ್ದವನ ಬಳಿಗೆ ಬಂದ ನೆಂಟ, ಅದನ್ನೂ ತರಿಸಿದ. ಆದರೆ ಉಪ್ಪಿನ ಆಟ ಎಷ್ಟು ತಿರುಚಿದರೂ ಆಟವೇ ಆಗಿತ್ತು. ಇಡೀ ಭಾನುವಾರ ಚಡಪಡಿಸಿದ ಮೇಲೆ ಅವನಿಗೆ ಹತ್ತಿರದ ಆರಗ ಹಳ್ಳಿಯ ಪಾಯಪ್ಪ ಕಾಕಾ ನೆನಪಾದ. ಅಪ್ಪನ ತಮ್ಮ, ಕಬ್ಬು ಬೆಳೆಯುವವನು. ಕಾಕಾನ ಹುಟ್ಟಿದ ದಿನ ಯಾವುದೆಂದು ಸ್ವತಃ ಕಾಕಾನಿಗೇ ಗೊತ್ತಿರಲಿಲ್ಲ. ಆದ್ದರಿಂದ ಹರ್ಷದ ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡ. ಕಾಕಾನ ಹೆಸರಿಗೆ ಉಡುಗೊರೆ ಹೋಗುವುದು, ಕೆಲವು ದಿನ ಬಿಟ್ಟು ಕಾಕಾ ಪ್ರೀತಿಯಿಂದ ಅದನ್ನು ಮರಳಿ ಕೊಡುವುದು. ದಾನ ಕೊಟ್ಟಂತೆಯೂ ಆಯಿತು, ದಾನ ಸ್ವೀಕರಿಸಿದಂತೆಯೂ ಆಯಿತು. ಖರೀದಿ ಎಲ್ಲಿದೆ ಇದರಲ್ಲಿ?

"ಕಾಕಾ, ಒಂದ ಪಾರ್ಸಲ್ ಬರ್ತೈತ್ರಿ," ಎಂದು ಫೋನು ಮಾಡಿದ. "ಬಿಚ್ಚಬ್ಯಾಡ್ರಿ. ನಾ ಬಂದ ಮ್ಯಾಲ ನೋಡೂಣು."

ಕಾಕಾ ಆಗ ಟ್ರ್ಯಾಕ್ಟರಿನ ಮೇಲಿದ್ದ. ಅವನಿಗೆ ಕೇಳಿಸಿದ್ದು "ನೋಡೂಣು" ಒಂದೇ.

ಹರ್ಷದ ಬೈಕು ಹತ್ತಿ ಆರಗಕ್ಕೆ ಹೋದಾಗ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಆ ಬೋರ್ಡು ಹಾಸಿತ್ತು. ಒಂದು ಬದಿಗೆ ಪಾಯಪ್ಪ ಕಾಕಾ, ಇನ್ನೊಂದು ಬದಿಗೆ ನೆರೆಮನೆಯ ಜಿನಪ್ಪ, ನಡುವೆ ಕಾಕಾನ ಹೆಂಡತಿ ಛಾಯಾ ಕಾಕೂ. ನಿಯಮಗಳ ಪುಸ್ತಕ ಓಲಾಡುವ ಹಗ್ಗದ ಹೊರಸಿನ ಕಾಲ ಕೆಳಗಿತ್ತು. ಮಖಮಲ್ಲಿನ ಚೀಲದಲ್ಲಿ ಕಾಕೂ ಯಾಲಕ್ಕಿ ತುಂಬಿಟ್ಟಿದ್ದಳು.

"ಬಾರೋ ಬಾ! ಛಲೋ ಆಟ ಕಳಿಸೀದಿ ನೋಡು," ಎಂದ ಕಾಕಾ, ತಲೆ ಎತ್ತದೆ. "ಲೇ ಜಿನಪ್ಪಾ, ನನ್ನ ಟ್ರಾಲಿ ಮುಟ್ಟಬ್ಯಾಡ!"

"ಕಾಕಾ, ಅವು ದೋಣಿ ಅದಾವ್ರಿ!"

"ದೋಣಿ ತಗೊಂಡು ಆರಗದಾಗ ಏನ್ ಮಾಡೂದೋ? ಇವು ಟ್ರಾಲಿ. ಇದು ಕಾರಖಾನಿ ರಸ್ತಾ. ಯಾರ ಕಬ್ಬ ಮೊದಲ ಮುಟ್ಟತೈತಿ, ಅವ್ರು ಗೆದ್ರು. ಈ ಕೆಂಪ ಎಲಿ ಬಂತಂದ್ರ ಕಬ್ಬ ಕಡಿಯೂ ಮಂದಿ ಓಡಿ ಹೋದ್ರು ಅಂತ. ಸುಮ್ನ ಕುಂದ್ರಬೇಕು."

"ಹಂಗ ಆಡೂದಲ್ರಿ ಅದು. ಮೊದಲನೇ ಹಂತದಾಗ ಎಲ್ಲಾರೂ ತಮ್ಮ ತಮ್ಮ ಬಂದರ..."

"ತಮ್ಮಾ," ಎಂದ ಜಿನಪ್ಪ, "ನೀ ಆಡ್ತೀಯೋ ಏನ್ ಪ್ರವಚನ ಮಾಡ್ತೀಯೋ?"

ಒಂದು ಉಪ್ಪಿನ ತುಂಡಿಗೆ ಬೆಲ್ಲದ ಪಾಕ ಅಂಟಿದ್ದು ಹರ್ಷದನ ಕಣ್ಣಿಗೆ ಬಿತ್ತು. ಅಲ್ಲಿಗೆ ಅವನ ತಾಳ್ಮೆ ಮುಗಿಯಿತು. "ಕಾಕಾ, ಖರೆ ಹೇಳಬೇಕಂದ್ರ ಅದು ನಂದ್ರಿ. ನಿಮ್ಮ ಹೆಸರೀಲೆ ತರಸೇನಿ ಅಷ್ಟ."

ಕಾಕಾ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ.

"ನಿಂದು ಹೆಂಗ್ ಆಗತೈತೋ? ಮಹಾರಾಜರ ಮುಂದ ಜೀವ ಇರೂತನಕ ಅಂದೀಯಂತ. ಇದನ್ನ ನೀ ಒಯ್ದರ ನಿಯಮ ಮುರದಂಗ ಆತು. ಅಣ್ಣನ ಮಗಾ ಅದಿ. ನನ್ನ ಮನಿಯಿಂದ ನಿನಗ ಪಾಪ ಕಟ್ಟಿ ಕಳಸೂದು ನನ್ನ ಕಡಿಂದ ಆಗೂದಿಲ್ಲ ನೋಡು." ಹೀಗೆಂದು ತನ್ನ ಟ್ರಾಲಿಯನ್ನು ಮುಂದೆ ದೂಡಿದ. "ಹೋಗ್ಲಿ, ಕುಂದ್ರು. ಹಳದಿ ಟ್ರಾಲಿ ತಗೋ."

ಕೂತ. ಕೆಂಪು ಎಲೆಗಳೆಲ್ಲ ಅವನ ಪಾಲಿಗೇ ಬಂದವು. ಕಾಕೂ ಒಲೆಯ ಮೇಲಿನ ಚಹಾ ನೋಡಿಕೊಳ್ಳುತ್ತಲೇ ಅವನನ್ನು ಸೋಲಿಸಿದಳು. ಅಷ್ಟಕ್ಕೆ ಬಿಡದೆ, ಅವನಿಗೆ ಚಹಾ ಕೊಟ್ಟು ಒಳಗೆ ಹೋಗಿ ತ್ರಿಶಲಾಳಿಗೆ ಫೋನನ್ನೂ ಹಚ್ಚಿದಳು.

ಮಿರಜಿಗೆ ಮರಳಿದಾಗ, ಅವನು ಬಾಗಿಲು ದಾಟುವ ಮೊದಲೇ ತ್ರಿಶಲಾ ಒಳಗಿನಿಂದ ಕೇಳಿದಳು: "ಕಾಕಾರ ಹುಟ್ಟಿದ ದಿನ ಛಲೋ ಆತೇನ್ರಿ?"

ಹರ್ಷದ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಮೇಲೆದ್ದು ನೋಡಿದರೆ ಒಳಗೆ ಚಾಪೆಯ ಮೇಲೆ ಇಬ್ಬರೇ ಆಡುವ ಆ ಡಬ್ಬಿ. ಅದರ ಪಕ್ಕದಲ್ಲಿ ತ್ರಿಶಲಾ ತರಕಾರಿ ಹೆಚ್ಚುವ ಚಾಕು ಹಿಡಿದು ಕೂತಿದ್ದಾಳೆ. ಬೇಡ ಅನ್ನುವಷ್ಟರಲ್ಲಿ ಪ್ಲಾಸ್ಟಿಕ್ಕು ಚರ್ರೆಂದಿತು.

"ನಿಯಮ ನಾ ಹೇಳ್ತೀನಿ ತಡಿ," ಎಂದ, ಉಳಿದಷ್ಟಾದರೂ ಮಾನ ಉಳಿಸಿಕೊಳ್ಳಲು.

"ನಾ ಫೋನಿನ್ಯಾಗ ಓದೇನ್ರಿ. ಕುಂದ್ರಿ."

ತ್ರಿಶಲಾ ಗೆದ್ದಳು. ಹೊಸಬರಿಗೆ ಮೊದಲ ಸಲ ಹಾಗಾಗುತ್ತದೆ ಎಂದು ಹರ್ಷದ ದೊಡ್ಡ ಮನಸ್ಸಿನಿಂದ ಹೇಳಿದ. ಮರುದಿನ ಸಂಜೆ ಮತ್ತೆ ಗೆದ್ದಳು. ಆಮೇಲೆ ಒಂದೊಂದೇ ಡಬ್ಬಿ ಕಪಾಟಿನಿಂದ ಇಳಿಯತೊಡಗಿತು. ಕೆಲವು ಆಟ ಚೆನ್ನಾಗಿದ್ದವು. ಹಲವು ಎಷ್ಟು ನೀರಸವಾಗಿದ್ದವೆಂದರೆ ನಡುವೆಯೇ ಇಬ್ಬರಿಗೂ ಆಕಳಿಕೆ ಬಂತು. "ಇದಕ್ಕ ನನ್ನ ಸೀರಿ ಟ್ರಂಕಿಗೆ ಹೋದುವೇನ್ರಿ?" ಎಂದು ತ್ರಿಶಲಾ ಕೇಳಿದರೆ ಅವನು ಡಬ್ಬಿಯ ಮುಚ್ಚಳ ಹುಡುಕತೊಡಗುತ್ತಿದ್ದ. ವಿಡಿಯೋದಲ್ಲಿ ಈ ಆಟ ಆಡಿದವರು ಬಿದ್ದು ಬಿದ್ದು ನಕ್ಕಿದ್ದರು. ಆ ನಗುವೂ ಡಬ್ಬಿಯೊಳಗೇ ಬರುತ್ತದೆಂದು ಅವನು ನಂಬಿದ್ದ. ಆಟ ನೀರಸವಿರಲಿ, ಸ್ವಾರಸ್ಯವಿರಲಿ, ಗೆಲ್ಲುವವಳು ಮಾತ್ರ ತ್ರಿಶಲಾ. ಗೆದ್ದ ಮೇಲೆ ಏನೂ ಆಗದವಳಂತೆ ತುಂಡುಗಳನ್ನು ಒಪ್ಪವಾಗಿ ಜೋಡಿಸಿಟ್ಟು ಜೋಳದ ಭಕ್ಕರಿ ಬಡಿಯಲು ಏಳುತ್ತಿದ್ದಳು. ಅದನ್ನು ಹರ್ಷದನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಚಳಿ ಶುರುವಾದಾಗ ಸ್ವಪ್ನಿಲ ಮತ್ತೊಂದು ಆಟದ ಸುದ್ದಿ ತಂದ. ಹರ್ಷದ ಫೋನಿನ ಪರದೆಯ ಮೇಲೆ ಕೈಯನ್ನೇ ಅಡ್ಡ ಹಿಡಿದ. "ಬ್ಯಾಡ. ತೋರಸಬ್ಯಾಡ."

"ನೋಡೂದೂ ಬ್ಯಾಡ?"

"ನೋಡೂದೂ ಬ್ಯಾಡ."

"ಮಾನಲಂ ಬಾಬಾ ತುಲಾ!" ಎಂದ ಸ್ವಪ್ನಿಲ. ಒಪ್ಪಿಕೊಂಡೆ ಮಾರಾಯಾ ಎಂದು ನಿಜಕ್ಕೂ ಕೈ ಮುಗಿದ. ಮಾತು ಬಸದಿಯವರೆಗೂ ಹೋಯಿತು. ಸಮಾಜದ ಸಭೆಯಲ್ಲಿ ಹಿರಿಯರು, ನಿಯಮ ಅಂದರೆ ಹರ್ಷದನಂತೆ ಪಾಲಿಸಬೇಕು ಎಂದರು. ಹರ್ಷದ ತಲೆ ತಗ್ಗಿಸಿ ವಿನಯದಿಂದ ಕೈ ಜೋಡಿಸಿದ. ಹೊಸ ಡಬ್ಬಿ ಬಂದರೆ ಹೆಂಡತಿಯ ಕೈಯಲ್ಲಿ ಸೋಲಲು ಇನ್ನೊಂದು ಹೊಸ ಆಟ ಬಂದಂತೆ ಎಂಬುದನ್ನು ಸಭೆಗೆ ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಸಭೆಯಿಂದ ಬಂದು ಇನ್ನೂ ಅಂಗಿ ಕಳಚಿರಲಿಲ್ಲ, ಒಳಗಿನಿಂದ ತ್ರಿಶಲಾಳ ದನಿ ಬಂತು. "ಬರ್ರಿ, ಇಡೀ ದಿನ ಬೇಕ ಅಂದಿದ್ರಲ್ಲ, ಆ ನೀಲಿದು ಬಿಚ್ಚೇನಿ."

"ಇವತ್ತ ತಲಿ ಭಾಳ ನೋಯಾಕತ್ತೈತಿ."

"ಗುಳಿಗಿ ನುಂಗಿ ಬರ್ರಿ. ಮೊದಲನೇ ಪಾಳಿ ನಿಮ್ದು."